ದುಂಡು ಮನೆಯಲ್ಲೊಂದು ಬೀರು

ಹಿತ್ತಲ ಗಿಡ ಮದ್ದಲ್ಲ ಅಂತಾರೆ ನಿಜ. ಆದರೆ ಬಿಟ್ಟಿ ಸಿಗುತ್ತದೆ ಅಂದರೆ ಅದೇ ಗಿಡದ ಕಷಾಯ ಕುಡಿಯುವವರೂ ಇದ್ದಾರೆ. ಅತ್ತೆ-ಮಾವ ಸ್ವಂತ ಮನೆ ಕಟ್ಟಿಸಲು ಹೊರಟಾಗ, ಆರ್ಕಿಟೆಕ್ಟ್ ಅಳಿಯ ಇರುವಾಗ ಹೊರಗಿನವರ ಕಾಲು ಯಾಕೆ ಹಿಡಿಯಬೇಕು ಅಂತ ತೀರ್ಮಾನವಾಯಿತು. ಅಳಿಯನಿಗೂ ಅದೇ ಬೇಕಿತ್ತು. ಅಲ್ಲಿಯವರೆಗೆ ಅವನು ಕಟ್ಟಿದ್ದೆಲ್ಲ ಬೇರೆಯವರು ಹೇಳಿದಂತೆ ಕಟ್ಟಿದ್ದು: ಒಂದು ಔಷಧಿ ಅಂಗಡಿ, ಒಂದು ಪಾರ್ಕಿಂಗ್ ಕಟ್ಟಡ, ಹಲ್ಲಿನ ಡಾಕ್ಟರೊಬ್ಬರ ಶೌಚಾಲಯ. ಅವನ ತಲೆಯೊಳಗೆ ವರ್ಷಗಳಿಂದ ಒಂದು ಮನೆ ತಿರುಗುತ್ತಿತ್ತು. ತಿರುಗುತ್ತಿತ್ತು ಅನ್ನುವುದು ಸರಿಯಾದ ಮಾತೇ, ಯಾಕೆಂದರೆ ಆ ಮನೆ ದುಂಡಗಿತ್ತು.

ನಕ್ಷೆ ಬಿಚ್ಚಿ ತೋರಿಸಿದ ದಿನ ಅತ್ತೆ ಕನ್ನಡಕ ಏರಿಸಿ ನೋಡಿದರು.

"ಇದೇನು ಅಳಿಯಂದ್ರೇ, ಪಾತ್ರೆ ಮುಚ್ಚಳ ಇದ್ದ ಹಾಗಿದೆ?"

"ಈ ಮನೇಲಿ ಮೂಲೆ ಅನ್ನೋದೇ ಇರಲ್ಲ ಅತ್ತೆ. ಮೂಲೆ ಅಂದರೆ ಮನಸ್ಸಿಗೆ ಹಾಕಿದ ಕಟ್ಟು. ಗೋಡೆ ಅಂದಮೇಲೆ ನೀರು ಹರಿದ ಹಾಗೆ ಹರೀಬೇಕು."

"ಹರೀಲಿ. ಪೊರಕೆ ಎಲ್ಲಿಡಲಿ?"

ಅಳಿಯ ನಕ್ಕು ನಕ್ಷೆಯ ಮುಂದಿನ ಹಾಳೆ ತಿರುಗಿಸಿದ. ಮಹತ್ತರವಾದದ್ದನ್ನು ಮಾಡುವವರು ಪೊರಕೆಗೆ ಉತ್ತರ ಕೊಡುತ್ತಾ ಕೂರಬಾರದು ಅಂತ ಅವನ ನಂಬಿಕೆ.

"ದುಂಡಗೆ ಕತ್ತರಿಸಿದರೆ ಬಟ್ಟೆ ದಂಡ," ಅಂದರು ಅತ್ತೆ. ಹೊಲಿಗೆ ಮಿಷನ್ ತುಳಿದೇ ಮಗಳನ್ನು ಓದಿಸಿದ ಹೆಂಗಸು. ಬಸ್ಸು ಓಡಿಸಿ ನಿವೃತ್ತರಾದ ಮಾವ ನಕ್ಷೆಯ ಮೇಲೆ ಬೆರಳು ಓಡಿಸಿ, "ಆಯಸ್ಸೆಲ್ಲ ಸ್ಟೇರಿಂಗ್ ತಿರುಗಿಸಿದೀನಿ, ಇಷ್ಟು ತಿರುವು ಘಾಟಿಯಲ್ಲೂ ಕಂಡಿಲ್ಲ," ಅಂದರು. ಆದರೂ ಇಬ್ಬರೂ ಒಪ್ಪಿದರು. ಮಗಳ ಗಂಡ, ಎದುರು ಮಾತಾಡೋದು ಹೇಗೆ?

ಗೋಡೆ ಇನ್ನೂ ಮೊಣಕಾಲೆತ್ತರ ಇರುವಾಗಲೇ ಬಾಡಿಗೆ ಮನೆಯವರು ಖಾಲಿ ಮಾಡಿ ಅಂದುಬಿಟ್ಟರು. ಸಾಮಾನೆಲ್ಲ ನೆಂಟರ ಮನೆಗಳಿಗೆ ಹಂಚಿಹೋಯಿತು. ಉಳಿದದ್ದು ಬೀರು. ಹಳೇ ಹೋಟೆಲೊಂದು ಮುಚ್ಚಿದಾಗ ಹರಾಜಿನಲ್ಲಿ ಅತ್ತೆ ಹಟ ಹಿಡಿದು ತಂದದ್ದು ಅದು. ಒಳಗೆ ಕುದುರೆ ಕಟ್ಟಬಹುದು ಅನ್ನುವಷ್ಟು ದೊಡ್ಡದು. ಯಾವ ನೆಂಟರ ಬಾಗಿಲಿಗೂ ಹಿಡಿಸಲಿಲ್ಲ. ಕೊನೆಗೆ ಮೋಟು ಗೋಡೆ ದಾಟಿಸಿ ಹೊಸ ಮನೆಯ ನಡುವೆ ಇಳಿಸಿ, ಮೇಲೆ ತಾಡಪಾಲು ಹೊದಿಸಿದರು. ಬೀರು ಅಲ್ಲೇ ನಿಂತಿತು, ಸುತ್ತಲೂ ಮನೆ ಎದ್ದಿತು.

ಮನೆ ಚೆನ್ನಾಗಿಯೇ ಬಂತು, ಸುಳ್ಳು ಹೇಳಬಾರದು. ಸೂರಿನಲ್ಲಿ ಕತ್ತರಿಸಿದ ಸಣ್ಣ ಸೀಳಿನಿಂದ ಬಿಸಿಲು ಇಳಿದು, ಬಿಳೀ ಗೋಡೆಯ ಮೇಲೆ ಬೆಕ್ಕಿನ ಹಾಗೆ ಮೆಲ್ಲಗೆ ನಡೆದುಹೋಗುತ್ತಿತ್ತು. ಅತ್ತೆ ಕೂಡ ಒಂದೆರಡು ಬೆಳಿಗ್ಗೆ ಕಾಫಿ ಲೋಟ ಹಿಡಿದು ಅದನ್ನೇ ನೋಡುತ್ತಾ ಕೂತರು. ಆಮೇಲೆ ಸಾಮಾನು ಬಂತು. ಮಂಚ ಗೋಡೆಗೆ ತಾಗಲಿಲ್ಲ, ಫ್ರಿಜ್ಜು ತಾಗಲಿಲ್ಲ, ಮಾವನ ತಲೆದಿಂಬು ದಿನಾ ರಾತ್ರಿ ಮಂಚದ ಹಿಂದೆ ಬಿದ್ದು ಮಾಯವಾಗುತ್ತಿತ್ತು. ಬೀರುವಿನ ಕಥೆಯಂತೂ ಕೇಳುವುದೇ ಬೇಡ. ನಡುವಿನಿಂದ ಗೋಡೆಯ ಕಡೆಗೆ ತಳ್ಳಿಸಿದರೂ, ಬಣ್ಣ ಕೆರೆದೀತು ಎಂದು ಅಳಿಯ ಅದನ್ನು ಮೊಳ ದೂರವೇ ನಿಲ್ಲಿಸಿದ. ಹಿಂದೆ ಕುಡುಗೋಲಿನಾಕಾರದ ಸಂದಿಯೊಂದು ಉಳಿಯಿತು. ಹೊರಗೆ ಸಾಗಿಸೋಣ ಅಂದರೆ ಕಮಾನಿನ ಬಾಗಿಲು ಬೀರುವಿನ ಅರ್ಧಕ್ಕೂ ಸಾಲದು. ಕಳಚಲು ಅದರಲ್ಲಿ ಒಂದು ಸ್ಕ್ರೂ ಕೂಡ ಇರಲಿಲ್ಲ.

"ಒಂದು ಒಳ್ಳೇದು," ಅಂದಳು ಅಳಿಯನ ಹೆಂಡತಿ. "ಈ ಮನೇಲಿ ಯಾರನ್ನೂ ಮೂಲೆಗುಂಪು ಮಾಡೋಕಾಗಲ್ಲ."

ಹೀಗಿರುವಾಗ ಹೊಸ ಬಗೆಯ ಕಟ್ಟಡಗಳಿಗೆ ಕೊಡುವ ಪ್ರಶಸ್ತಿಯೊಂದರ ಕೊನೆಯ ಸುತ್ತಿಗೆ ದುಂಡು ಮನೆ ಆಯ್ಕೆಯಾಯಿತು. ತೀರ್ಪುಗಾರರು ಬಂದು ನೋಡುವರು ಎಂಬ ಸುದ್ದಿ ಬಂದದ್ದೇ ತಡ, ಅಳಿಯನ ಕಾಲು ನೆಲದ ಮೇಲಿರಲಿಲ್ಲ. ಮಂಚ, ಕುರ್ಚಿ, ಬಟ್ಟೆ ಒಣಗಿಸುವ ಸ್ಟ್ಯಾಂಡು ಎಲ್ಲವನ್ನೂ ಪಕ್ಕದ ಮನೆಗೆ ಸಾಗಿಸಿದ. ಬೀರುವಿಗೆ ಬಿಳೀ ಹೊದಿಕೆ ಹೊದಿಸಿದ. ಇನ್ನು ಉಳಿದವರು ಇಬ್ಬರೇ.

"ಅತ್ತೆ, ನಾಳೆ ಮಧ್ಯಾಹ್ನ ನೀವು, ಮಾವ ಒಂದು ಸಿನಿಮಾಗೆ ಹೋಗಿಬನ್ನಿ."

ಅತ್ತೆ ಸೂಜಿಗೆ ಪೋಣಿಸುತ್ತಿದ್ದ ದಾರ ಹಾಗೇ ನಿಂತಿತು. "ನಾವೂ ಗೋಡೆಗೆ ತಾಗ್ತಿಲ್ಲ ಅನ್ನಿ," ಅಂದರು. ಅಷ್ಟೇ. ಮರುದಿನ ಒಳ್ಳೇ ಸೀರೆ ಉಟ್ಟು ಗಂಡನ ಜೊತೆ ಹೊರಟೂಬಿಟ್ಟರು. ಬೈದಿದ್ದರೆ ವಾಸಿಯಿತ್ತು ಅನ್ನಿಸಿತು ಅವನಿಗೆ.

ತೀರ್ಪುಗಾರರು ಇಬ್ಬರು; ಅಳಿಯ ಬೀದಿಯ ತುದಿಗೇ ಹೋಗಿ ಕರೆತಂದ. ಒಬ್ಬ ಕುರುಚಲು ಗಡ್ಡದ ಕಲಾವಿಮರ್ಶಕ. ಇನ್ನೊಬ್ಬರು ಊರುಗೋಲು ಹಿಡಿದ ಹಿರಿಯ ಆರ್ಕಿಟೆಕ್ಟ್, ಅಳಿಯ ಕಾಲೇಜಿನಲ್ಲಿ ಯಾರ ಕಟ್ಟಡಗಳ ಚಿತ್ರ ಕತ್ತರಿಸಿ ಗೋಡೆಗೆ ಅಂಟಿಸಿಕೊಂಡಿದ್ದನೋ ಅದೇ ಅಮ್ಮ. ಅವನು ಹರಿಯುವ ಗೋಡೆಯ ಬಗ್ಗೆ, ಮೂಲೆಯ ಹಿಂಸೆಯ ಬಗ್ಗೆ ಹೇಳುತ್ತಾ ಹೋದ. ವಿಮರ್ಶಕ ತಲೆದೂಗಿದ. ಅಮ್ಮ ಆಕಳಿಸಿದರು.

"ಇದೇನು?" ವಿಮರ್ಶಕ ಬಿಳೀ ಹೊದಿಕೆಯತ್ತ ಕೈ ತೋರಿಸಿದ.

"ಅದು... ಮನೆಯ ಅಕ್ಷ. ಇಡೀ ಮನೆ ಅದರ ಸುತ್ತ ಬೆಳೆದದ್ದು." ಮಾತು ಬಾಯಿಂದ ಜಾರಿದ ಮೇಲೆ, ಇದು ಸುಳ್ಳೂ ಅಲ್ಲವಲ್ಲ ಅಂತ ಅವನಿಗೇ ಬೆರಗಾಯಿತು.

ಅಷ್ಟರಲ್ಲಿ ಅಕ್ಷ ಗೊರಕೆ ಹೊಡೆಯಿತು.

ಮೂವರೂ ಹೊದಿಕೆಯತ್ತ ತಿರುಗಿದರು. ಇನ್ನೊಮ್ಮೆ ಹೊಡೆಯಿತು, ಈ ಸಲ ಕೊನೆಯಲ್ಲಿ ಸಿಳ್ಳೆಯೂ ಸೇರಿತು. ಅದೇ ಹೊತ್ತಿಗೆ ಬಾಗಿಲು ತಳ್ಳಿಕೊಂಡು ಅತ್ತೆ ಒಳಬಂದರು. ಬೆವರಿ ನೀರಾಗಿದ್ದರು.

"ಅವರು ಇಲ್ಲಿ ಬಂದ್ರಾ? ಪರ್ಸ್ ಮನೇಲಿ ಮರೆತೆ ಅಂತ ಬಸ್ ಸ್ಟಾಪಿನಿಂದ ವಾಪಸ್ ಹೋದ ಪುಣ್ಯಾತ್ಮ ಪತ್ತೆನೇ ಇಲ್ಲ! ಸಿನಿಮಾ ಶುರುವಾಗಿ ಹೀರೋ ಜೈಲಿಗೆ ಹೋದ, ಇವರು ಬರಲಿಲ್ಲ!"

ಗೊರಕೆ ಕೇಳಿದ್ದೇ ಅವರು ನೆಟ್ಟಗೆ ಬೀರುವಿನ ಹಿಂದಕ್ಕೆ ಹೋದರು. ಒಳಗಿನಿಂದ ಮಡಚುವ ಕುರ್ಚಿ ಕಿರುಗುಟ್ಟಿತು, ರೇಡಿಯೋ ಕೆಳಗೆ ಬಿತ್ತು, ಬನಿಯನ್ ತೊಟ್ಟ ಮಾವ ಕಣ್ಣುಜ್ಜುತ್ತಾ ಹೊರಬಂದರು. ವಿಮರ್ಶಕನನ್ನು ನೋಡಿ, "ಚಹಾ ಆಯ್ತಾ ನಿಮ್ದು?" ಅಂದರು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅಳಿಯನಿಗೆ. ಅಮ್ಮ ಮಾತ್ರ ಊರುಗೋಲು ಊರಿಕೊಂಡು ಸಂದಿಯೊಳಗೆ ನುಸುಳಿ, ಮಾವನ ಕುರ್ಚಿಯ ಮೇಲೆ ಕೂತೇಬಿಟ್ಟರು.

"ದಿನಾ ಇಲ್ಲೇ ಕೂರ್ತೀರಾ ಯಜಮಾನ್ರೇ?"

"ಹ್ಞೂಂ ಅಮ್ಮ. ಇಡೀ ಮನೇಲಿ ನನಗೆ ಹಿಡಿಸಿದ್ದು ಇದೊಂದೇ ಜಾಗ."

"ಯಾಕೆ?"

"ಇದೊಂದನ್ನ ಅಳಿಯಂದ್ರು ಪ್ಲಾನ್ ಮಾಡದೆ ಬಿಟ್ಟಿದಾರೆ."

ಅಮ್ಮ ನಕ್ಕರು ಅಂದರೆ, ಕೆಮ್ಮು ಬಂದು ಅತ್ತೆ ನೀರು ತಂದುಕೊಡುವವರೆಗೂ ನಕ್ಕರು. ಹೊರಡುವಾಗ ಅಳಿಯನ ಹೆಗಲು ತಟ್ಟಿ, "ನಾನೂ ಒಂದು ದುಂಡು ಮನೆ ಕಟ್ಟಿದ್ದೆ ಕಣಪ್ಪ. ಅದರ ಯಜಮಾನ ಈಗಲೂ ನನ್ನ ಕಂಡರೆ ರಸ್ತೆ ದಾಟಿ ಆ ಕಡೆ ಹೋಗ್ತಾನೆ. ನಿನ್ನವರು ನಿನಗೆ ಚಹಾ ಆದರೂ ಕೊಡ್ತಿದಾರೆ," ಅಂದರು.

ಪ್ರಶಸ್ತಿ ಒಂದು ಕಾರು ಶೋರೂಮಿಗೆ ಹೋಯಿತು.

ಅಳಿಯ ಕೆಲವು ದಿನ ಮುಖ ಊದಿಸಿಕೊಂಡಿದ್ದ. ಅವನನ್ನು ಕೊರೆಯುತ್ತಿದ್ದದ್ದು ಪ್ರಶಸ್ತಿಯಲ್ಲ. ಒಳ್ಳೇ ಸೀರೆ ಉಟ್ಟು ತನ್ನ ಮನೆಯಿಂದ ತಾನೇ ಹೊರಟುಹೋದ ಹೆಂಗಸಿನ ಬೆನ್ನು. ಒಂದು ಸಂಜೆ ಅತ್ತೆಯ ಹೊಲಿಗೆ ಮಿಷನ್ ಪಕ್ಕ ನೆಲದ ಮೇಲೆ ಕೂತ.

"ಅವತ್ತು ನಿಮ್ಮನ್ನ ಕಳಿಸಬಾರದಿತ್ತು ಅತ್ತೆ. ತಪ್ಪಾಯ್ತು."

"ತಪ್ಪೇ," ಅಂದರು ಅತ್ತೆ, ಮಿಷನ್ ನಿಲ್ಲಿಸದೆ. "ಸಿನಿಮಾನೂ ದರಿದ್ರ ಇತ್ತು." ಸ್ವಲ್ಪ ತುಳಿದು ಮತ್ತೆ ಅಂದರು: "ಬೆಳಕು ಮಾತ್ರ ಚೆನ್ನಾಗಿ ತಂದಿದೀರಿ. ಈಗ ದಾರ ಪೋಣಿಸೋಕೆ ಕನ್ನಡಕ ಬೇಡ."

ಆ ಒಂದು ಮಾತಿಗೆ ಅಳಿಯ ಉಬ್ಬಿಹೋದ. ಉಬ್ಬಿದ ಆರ್ಕಿಟೆಕ್ಟ್ ಸುಮ್ಮನಿರುತ್ತಾನೆಯೇ? ಮಾವನಿಗೂ ಏನಾದರೂ ಮಾಡಬೇಕು ಅಂತ ಹೊರಟ. ಬಡಗಿಯನ್ನು ಕರೆಸಿ ಬೀರುವಿನ ಹಿಂದೆ ಗೋಡೆಯ ಬಾಗಿಗೆ ಸರಿಯಾಗಿ ಬಾಗಿದ ಬೆಂಚು ಮಾಡಿಸಿದ. ರೇಡಿಯೋಗೆ ಗೂಡು, ಓದಲು ದೀಪ, ಗೋಡೆಯಲ್ಲಿ ದುಂಡಗಿನ ಕಿಟಕಿ, ಬೆನ್ನಿಗೆ ಮೆತ್ತೆ. ಮಾವ ನೋಡಿ, "ಭಾಳ ಚೆನ್ನಾಗಿದೆ," ಅಂದರು. ಒಂದು ಸಲ ಕೂತರು. ಮತ್ತೆ ಆ ಕಡೆ ತಲೆ ಹಾಕಲಿಲ್ಲ. ವಾರ ಕಳೆಯುವುದರೊಳಗೆ ಅತ್ತೆ ಅಲ್ಲಿ ಬಟ್ಟೆ ಥಾನುಗಳನ್ನು ಜೋಡಿಸಿ ಜಾಗ ತಮ್ಮದು ಮಾಡಿಕೊಂಡರು.

ಮಾವ ಎಲ್ಲಿ ಹೋಗುತ್ತಾರೆ ಅನ್ನುವುದು ಒಂದು ಭಾನುವಾರ ತಿಳಿಯಿತು. ತಾರಸಿಯ ನೀರಿನ ಟ್ಯಾಂಕಿನ ಹಿಂದೆ, ಮುರಿದ ಬಕೆಟ್ಟೊಂದನ್ನು ಬೋರಲು ಹಾಕಿ ಕೂತಿದ್ದರು. ಅಳಿಯನ ಹೆಜ್ಜೆ ಸದ್ದಿಗೆ ತಿರುಗಿ, ಅವನ ಕೈಗಳನ್ನೇ ದಿಟ್ಟಿಸಿದರು.

"ಅಳತೆ ಟೇಪು ಗೀಪು ತಂದಿದೀರಾ?"

"ಇಲ್ಲ ಮಾವ."

"ಹಾಗಾದರೆ ಬನ್ನಿ, ಕೂತ್ಕೊಳ್ಳಿ."

ಕೂರಲು ಏನೂ ಇರಲಿಲ್ಲ, ಅಳಿಯ ಕುಕ್ಕರಗಾಲಲ್ಲಿ ಕೂತ. ಟ್ಯಾಂಕಿನ ಪೈಪು ಬೆನ್ನಿಗೆ ಒತ್ತುತ್ತಿತ್ತು, ಬಿಸಿಲು ನೇರವಾಗಿ ಮುಖಕ್ಕೆ ಹೊಡೆಯುತ್ತಿತ್ತು. ಇಲ್ಲೊಂದು ಸಣ್ಣ ನೆರಳು ಮಾಡಿದರೆ ಎಷ್ಟು ಚೆನ್ನ ಅಂತ ಅಳಿಯನ ನಾಲಿಗೆ ತುದಿಗೆ ಬಂತು. ನುಂಗಿಕೊಂಡ. ಮಾವ ಬಕೆಟ್ಟಿನ ಮೇಲೆ ಒಂದಿಷ್ಟು ಸರಿದು ಜಾಗ ಕೊಟ್ಟರು.