ತುಟಿ ಮುಚ್ಚಿದ ಮೇಲೆ

ಇನ್ಸ್‌ಪೆಕ್ಟರ್ ಸಾಹೇಬರು ಅಡುಗೆಮನೆಯ ಚಿಲಕ ಹಾಕಿ, ಆರಡಿ ಮೈಯನ್ನು ಮೂರಡಿಗೆ ಕುಗ್ಗಿಸಿ, ಪೀಪಿಯಂಥ ದನಿಯಲ್ಲಿ ಅಂದರು: “ಪುಟ್ಟಾ, ನೀನೇ ಕಾಪಾಡಬೇಕು.”

ಇಪ್ಪತ್ತೆರಡು ವರ್ಷ ಟೀವಿಯಲ್ಲಿ ಕಳ್ಳಕಾಕರನ್ನು ನಡುಗಿಸಿದ ನಟ. ಮುಖವಷ್ಟೇ ಅವರದು. ಗುಡುಗಿದ ಗಂಟಲು ಪುಟ್ಟನ ಅಪ್ಪನದು; ಅದೀಗ ಅಂಗಳದಲ್ಲಿ, ಚಟ್ಟದ ಮೇಲೆ, ಮಫ್ಲರ್ ಸುತ್ತಿಕೊಂಡು ಮಲಗಿತ್ತು. ಧಾರಾವಾಹಿ ರೇಡಿಯೋದಲ್ಲಿದ್ದಾಗ ಅಪ್ಪನೇ ಇನ್ಸ್‌ಪೆಕ್ಟರ್. ಟೀವಿಗೆ ಹೋದಾಗ ಐದಡಿಯ ಬೋಳುತಲೆ ಬೇಡವಾಯಿತು, ಕಂಠ ಬೇಕಾಯಿತು. ಹೆಸರು ಹಾಕುವುದಿಲ್ಲ, ಹೊರಗೆ ಹೇಳುವಂತಿಲ್ಲ ಎಂದು ಕರಾರು. “ಹಾಕದಿದ್ರೆ ಬಿಡ್ಲಿ. ನಾನು ಬಾಯಿ ಬಿಡೋವರೆಗೂ ಅವನು ಮೀಸೆ ಅಂಟಿಸಿದ ಗೋಡೆ,” ಎಂದು ಅಪ್ಪ ನಗುತ್ತಲೇ ಸಹಿ ಹಾಕಿದ್ದ.

“ಎರಡು ಮಾತಾಡಿ ಅಂತ ಜನ ಪಟ್ಟು ಹಿಡಿದಿದಾರೆ. ಕ್ಯಾಮೆರಾ ಬೇರೆ. ನಿಮ್ಮಪ್ಪನ ದನಿ ನಿಂಗೆ ಬರುತ್ತಲ್ಲ? ಅಂಗಳದ ಮೈಕು ತೋರಿಕೆಗೆ. ನೀನು ಈ ಕಿಟಕಿ ಹಿಂದೆ ನಿಂತು ಇದರಲ್ಲಿ ಓದು. ನಾನು ತುಟಿ ಆಡಿಸ್ತೀನಿ.” ಮಗನ ಕೈಗೆ ಒಂದು ಮೈಕು, ಒಂದು ಚೀಟಿ ಬಂದವು.

“ಅಮ್ಮಂದು ಬೆಳಿಗ್ಗೆಯಿಂದ ಒಂದೇ ಮಾತು, ಅಂಕಲ್. ಇವತ್ತಾದ್ರೂ ಜನಕ್ಕೆ ಗೊತ್ತಾಗ್ಲಿ ಅಂತ.”

ಸಾಹೇಬರು ನೆಲ ನೋಡಿದರು. “ಗೊತ್ತಾದ್ರೆ ಆಮೇಲೆ ನಾನು ಯಾರು, ಪುಟ್ಟಾ?”

*

ಒಂಬತ್ತನೇ ಕ್ಲಾಸಿನಲ್ಲಿ ಮಗ ಅಪ್ಪನ ದನಿಯಲ್ಲಿ ಹೆಡ್‌ಮಾಸ್ಟರಿಗೆ ಫೋನು ಮಾಡಿದ್ದ: “ನನ್ನ ಮಗನಿಗೆ ಜ್ವರ. ರಜೆ ಕೊಡಿ.” ಆ ತುದಿಯಲ್ಲಿ ಕುರ್ಚಿ ಹಿಂದೆ ಸರಿದು ಹೆಡ್‌ಮಾಸ್ಟರು ಎದ್ದು ನಿಂತ ಸದ್ದು ಕೇಳಿಸಿತು. ಈ ತುದಿಯಲ್ಲಿ, ಬೆನ್ನ ಹಿಂದೆ, ಅಪ್ಪ.

“ಜ್ವರ ಚೆನ್ನಾಗಿ ಬಂತು. ರಜೆಗೆ ಉಸಿರು ಸಾಲ್ಲಿಲ್ಲ. ಇನ್ನೊಂದ್ಸಲ ಹೇಳು.”

ಆಮೇಲೆ ಸ್ಟುಡಿಯೋಗೆ ಕರೆದೊಯ್ದು ಪರದೆಯ ಮುಂದೆ ನಿಲ್ಲಿಸಿದ. “ನಮ್ಮ ಕಸುಬಿಗೆ ಒಂದೇ ಕಾನೂನು ಕಣೋ. ಅಲ್ಲಿ ತುಟಿ ಮುಚ್ಚಿದ ಮೇಲೆ ಇಲ್ಲಿಂದ ಒಂದಕ್ಷರ ಹೊರಟರೂ ಇಬ್ರೂ ಸಿಕ್ಕಿಬಿದ್ವಿ ಅಂತಲೇ ಲೆಕ್ಕ.”

*

“ಮಫ್ಲರ್ ಮಾವ ಏನು ಕೆಲಸ ಮಾಡ್ತಿದ್ರು?” ಅಂಗಳದಲ್ಲಿ ಪಕ್ಕದ ಮನೆಯಾಕೆ ಪಿಸುಗುಟ್ಟಿದಳು.

“ಸಾಹೇಬ್ರ ಕಾರು ಓಡಿಸ್ತಿದ್ರೇನೋ. ಸುಡೋ ಬಿಸಿಲಲ್ಲೂ ಮಫ್ಲರ್. ಯಾವಾಗ್ಲೂ ಗಂಟಲುನೋವು, ಒಂದು ಮಾತೂ ಆಡ್ತಿರ್ಲಿಲ್ಲ, ಪಾಪ.”

ಅಮ್ಮ ಅಪ್ಪನ ತಲೆಯ ಬಳಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು.

ಸಾಹೇಬರು ಎದೆಯುಬ್ಬಿಸಿ ಬಾಯಿ ತೆರೆದರು. ಕಿಟಕಿಯ ಹಿಂದೆ ಮಗ ಹೊಟ್ಟೆಯಿಂದ ಉಸಿರೆತ್ತಿದ.

“ಗೇಟು ಹಾಕಿ. ಯಾರೂ ಹೊರಗೆ ಹೋಗಬೇಡಿ.”

ಪ್ರತಿ ಕಂತಿನಲ್ಲೂ ಬರುವ ಮಾತು. ಅಂಗಳಕ್ಕೆ ಅಂಗಳವೇ ಸೆಟೆದು ನಿಂತಿತು. ಯಾರೋ ಒಬ್ಬ ಗೇಟು ಹಾಕಿಯೇಬಿಟ್ಟ.

“ಇಲ್ಲಿ ಮಲಗಿರುವವರು ನನ್ನ ಹಳೆಯ…”

ಅಷ್ಟರಲ್ಲಿ ಸಾಹೇಬರ ಕಣ್ಣು ಅಮ್ಮನ ಮೇಲೆ ಬಿತ್ತು. ತುಟಿ ಮುಚ್ಚಿತು. ಮಗ ಗಪ್ಪನೆ ನಿಲ್ಲಿಸಿದ. ಸಾಹೇಬರು ಕಿಟಕಿಯತ್ತ ತಿರುಗಿ, ಬಾಯಿ ಬಿಗಿಹಿಡಿದುಕೊಂಡೇ, ಮುಂದುವರಿಸು ಎಂದು ಕೈ ಮಾಡಿದರು.

ಮಗ ಚೀಟಿ ಮಡಚಿ ಜೇಬಿಗಿಟ್ಟ.

“ಇಪ್ಪತ್ತೆರಡು ವರ್ಷ ನಿಮ್ಮೆಲ್ಲರ ಮನೆಗೂ ಬಂದಿದ್ದೇನೆ,” ಎಂದಿತು ಅಪ್ಪನ ದನಿ. “ಒಬ್ಬರಾದರೂ ಗುರುತು ಹಿಡಿದಿರಾ? ಹೋಗಲಿ ಬಿಡಿ. ಈಗ ಗೇಟು ತೆಗೆಯಿರಿ. ನಾನು ಹೊರಡಬೇಕು.”

ಜನ ಸಾಹೇಬರ ಮುಚ್ಚಿದ ತುಟಿಯನ್ನು ನೋಡಿದರು. ಕಿಟಕಿಯನ್ನು ನೋಡಿದರು. ಆಮೇಲೆ ಒಬ್ಬೊಬ್ಬರಾಗಿ ಕೆಳಗೆ ನೋಡಿದರು.

ಅಮ್ಮ ಬಗ್ಗಿ, ಅವಸರವಿಲ್ಲದೆ, ಅಪ್ಪನ ಕೊರಳಿನ ಮಫ್ಲರ್ ಬಿಚ್ಚುತ್ತಿದ್ದಳು.