ವಲ್ಲಿಯ ಕೆಳಗೆ ಕುದುರಿದ ಜೋಗ

ಆದೋನಿಯ ಹತ್ತಿ ವ್ಯಾಪಾರಿ ಏಕಾಂತಪ್ಪ ಕಾರು ಕೊಂಡು ಐದು ವರ್ಷವಾಗಿತ್ತು. ಅವನ ಹೆಂಡತಿ ಬಸಲಿಂಗಮ್ಮನಿಗೆ ಆ ಕಾರಿನ ಮೇಲೆ ಸಿಟ್ಟು ಬಂದು ನಾಲ್ಕು ವರ್ಷವಾಗಿತ್ತು. ಮೊದಲನೆಯ ವರ್ಷ ಆಕೆ ಸಿಟ್ಟಾಗಿರಲಿಲ್ಲ. ಗಂಡನ ಜೊತೆ ಊರು ನೋಡಲು ಹೋದರೆ ಊರು ಕಾಣುತ್ತದೆ ಎಂದು ಆಗಿನ್ನೂ ನಂಬಿದ್ದಳು, ಪಾಪ.

ಪ್ರತಿ ವರ್ಷ ಹತ್ತಿಯ ಸುಗ್ಗಿ ಮುಗಿದು, ಅಂಗಡಿಯಲ್ಲಿ ನೊಣ ಹೊಡೆಯುತ್ತ ಕೂರುವ ದಿನ ಬಂತೆಂದರೆ ಏಕಾಂತಪ್ಪ ಮನೆಮಂದಿಯನ್ನು ಕಾರಿಗೆ ತುಂಬಿಕೊಂಡು ಒಂದು ದೊಡ್ಡ ಪಟ್ಟಣಕ್ಕೆ ಹೊರಡುತ್ತಿದ್ದ. ಮನೆಮಂದಿ ಎಂದರೆ ಅವನ ತಾಯಿ ಕೊಟ್ರಮ್ಮ ಮತ್ತು ಬಸಲಿಂಗಮ್ಮ, ಅಷ್ಟೇ. ಒಬ್ಬಳೇ ಮಗಳು ಮದುವೆಯಾಗಿ ನಂದವರಂ ಸೇರಿದ್ದಳು. ಕಾರು ಓಡಿಸಲು ದಸ್ತಗಿರಿ ಇದ್ದ. ಹೈದರಾಬಾದಿಗೆ ಎರಡು ಸಲ ಹೋಗಿಬಂದರು, ಸೊಲ್ಲಾಪುರಕ್ಕೆ ಒಂದು ಸಲ, ಮದ್ರಾಸಿಗೆ ಒಂದು ಸಲ. ಹೋದಲ್ಲೆಲ್ಲ ಸಾಹುಕಾರ ಯಾವುದೋ ದಲಾಲಿಯ ಮಹಡಿ ಹತ್ತಿದನೆಂದರೆ ಇಳಿಯುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ಅತ್ತೆ ಸೊಸೆ ಕಾರಿನಲ್ಲೇ ಕೂತು ಗಂಟುಮೂಟೆ ಕಾಯುತ್ತಿದ್ದರು. ಹೈದರಾಬಾದು ಹೇಗಿದೆ ಎಂದು ಓಣಿಯವರು ಕೇಳಿದರೆ ಬಸಲಿಂಗಮ್ಮ, "ಒಂದು ಗ್ವಾಡಿ ಐತಿ. ಅದರ ಮುಂದ ಒಂದು ಆಡು ಕಟ್ಟ್ಯಾರ" ಎನ್ನುತ್ತಿದ್ದಳು. ಮದ್ರಾಸಿನಲ್ಲಿ ಹಠ ಹಿಡಿದು ಸಮುದ್ರಕ್ಕೆ ಕರೆದೊಯ್ಯುವಂತೆ ಮಾಡಿದ್ದಳು. ಏಕಾಂತಪ್ಪ ಅದನ್ನು ಮೇಲಿಂದ ಕೆಳಗೆ ನೋಡಿ, "ಇಷ್ಟಿದ್ದೂ ಒಂದು ಸೀರಿ ಒಗಿಯಾಕ ಬರಂಗಿಲ್ಲ, ಉಪ್ಪು" ಎಂದು ಐದು ನಿಮಿಷದಲ್ಲಿ ಕಾರು ತಿರುಗಿಸಿದ್ದ.

ಬಸಲಿಂಗಮ್ಮನ ಆಸೆ ಅಡುಗೆಮನೆಯ ಗೋಡೆಯ ಮೇಲಿತ್ತು. ಯಾವುದೋ ಎಣ್ಣೆ ಕಂಪನಿಯವರು ಕೊಟ್ಟ ಕ್ಯಾಲೆಂಡರು ಅದು. ತಿಂಗಳ ಹಾಳೆಗಳೆಲ್ಲ ಹರಿದುಹೋಗಿ ನಾಲ್ಕು ವರ್ಷ ಕಳೆದರೂ ಚಿತ್ರ ಮಾತ್ರ ಉಳಿದಿತ್ತು. ಜೋಗದ ಚಿತ್ರ, ಗುಡ್ಡದ ತುದಿಯಿಂದ ನಾಲ್ಕು ಧಾರೆಯಾಗಿ ನೀರು ಧುಮುಕುವುದು. ಆಕೆ ಮದುವೆಯಾಗಿ ಈ ಮನೆಗೆ ಬಂದ ಮೂರನೆಯ ದಿನ ಕೈಜಾರಿ ಒಂದು ಚೆಂಬು ನೀರು ಚೆಲ್ಲಿದ್ದಳು. ಬೇಸಗೆ ಬಂದರೆ ಒಂದು ಕೊಡ ನೀರಿಗೆ ಸರದಿ ನಿಲ್ಲುವ ಊರಲ್ಲಿ ಅದೇನು ಸಣ್ಣ ತಪ್ಪೇ? ಅತ್ತೆ ಬೈದಳು. ಗಂಡ ಬೈದ. ನೀರು ತರುವವಳೂ ಬೈದಳು. ಅಂದಿನಿಂದ ಇಪ್ಪತ್ತೆರಡು ವರ್ಷ ಆಕೆ ಅಳೆದು ಸುರಿದು ಬದುಕಿದ್ದಳು. ಸಾಯುವುದರೊಳಗೆ ಒಂದೇ ಒಂದು ಸಲ, ಯಾರೂ ಹೊರದೆ, ಯಾರೂ ಅಳೆಯದೆ, ಯಾರ ಬೈಗುಳವೂ ಇಲ್ಲದೆ ದಂಡಿಯಾಗಿ ಚೆಲ್ಲಿಹೋಗುವ ನೀರನ್ನು ಕಣ್ಣು ತುಂಬ ನೋಡಬೇಕು ಎನ್ನುವುದು ಆಕೆಯ ಆಸೆ.

ಆ ವರ್ಷ ಯುದ್ಧದ ದೆಸೆಯಿಂದ ಪೆಟ್ರೋಲಿಗೆ ರೇಷನ್ ಚೀಟಿ ಬರುತ್ತದೆ ಎಂಬ ಸುದ್ದಿ ಹಬ್ಬಿತ್ತು. ಚೀಟಿ ಬಂದರೆ ಕಾರಿಗೆ ಗೋಣಿ ಹೊದಿಸಿ ನಿಲ್ಲಿಸುವುದೇ. ಅಂದರೆ ಇದೇ ಕೊನೆಯ ಪ್ರವಾಸ. ಒಂದು ಅಮಾವಾಸ್ಯೆಯ ದಿನ, ವ್ಯಾಪಾರವಿಲ್ಲದ ಹೊತ್ತಿನಲ್ಲಿ, ಏಕಾಂತಪ್ಪ ತನ್ನ ದಲಾಲಿ ಉಚ್ಚೀರಪ್ಪನನ್ನು ಮನೆಯ ಕಟ್ಟೆಯ ಮೇಲೆ ಕೂರಿಸಿಕೊಂಡು ಈ ಸಲ ಬೆಂಗಳೂರು ಎಂದು ಸಾರಿದ.

"ಜೋಗ," ಎಂದಳು ಬಸಲಿಂಗಮ್ಮ ಬಾಗಿಲ ಹಿಂದಿನಿಂದ.

"ಅಲ್ಲೇನೈತಿ? ನೀರು ಮ್ಯಾಲಿಂದ ಕೆಳಗ ಬೀಳ್ತೈತಿ. ಮತ್ತೇನು ಕೆಳಗಿಂದ ಮ್ಯಾಲೆ ಹತ್ತತೈತೇನು? ಬೆಂಗಳೂರಾಗ ಗಿರಣಿ ಅದಾವ, ಲೈಟು ಅದಾವ. ಜೋಗಕ್ಕ ಬಂದ್ರ ನನಗೇನು ಸಿಗ್ತೈತಿ?"

"ಅದೇ ಮತ್ತ, ಏಂ ಲಾಭಂ ಅಕ್ಕಾ?" ಎಂದು ಉಚ್ಚೀರಪ್ಪ ತಾಳ ಹಾಕಿದ.

ಬಸಲಿಂಗಮ್ಮ ಹೊರಗೆ ಬಂದಳು. ಗಂಡನ ಹೆಗಲ ಮೇಲಿನ ವಲ್ಲಿಯನ್ನು ಸರಕ್ಕನೆ ಎಳೆದು ತನ್ನ ಬಲಗೈ ಮೇಲೆ ಹೊದಿಸಿಕೊಂಡಳು. "ಲಾಭ ಬೇಕೇನ್ರಿ? ಕೈ ತರ್ರಿ."

ಉಚ್ಚೀರಪ್ಪ ಮುಖ ಆ ಕಡೆ ತಿರುಗಿಸಿದ, ಕಣ್ಣು ಮಾತ್ರ ಈ ಕಡೆ ಇಟ್ಟ. ವಲ್ಲಿಯ ಕೆಳಗೆ ಕೈ ಕೊಡುವುದು ಹತ್ತಿ ಪೇಟೆಯ ಗಂಡಸರ ಕೆಲಸ. ಕೊಳ್ಳುವವನೂ ಮಾರುವವನೂ ಬಟ್ಟೆಯ ಮರೆಯಲ್ಲಿ ಕೈ ಹಿಡಿದು, ಬೆರಳು ಒತ್ತಿ ಒತ್ತಿ ದರ ಕುದುರಿಸುತ್ತಾರೆ. ಸುತ್ತ ನಿಂತವರಿಗೆ ಸುಳಿವು ಸಿಗುವುದಿಲ್ಲ. ಕೈ ಬಿಟ್ಟರೆಂದರೆ ಮಾತು ಮುಗಿಯಿತು. ಆಮೇಲೆ ತಕರಾರು ತೆಗೆದವನಿಗೆ ಪೇಟೆಯಲ್ಲಿ ಯಾರೂ ಒಂದು ಬೀಡಿ ಸಹ ಕೊಡುವುದಿಲ್ಲ. ಬಸಲಿಂಗಮ್ಮನಿಗೆ ಇದನ್ನು ಕಲಿಸಿದವನು ಮದ್ದಿಕೇರದ ಅವಳಪ್ಪ. ಕುರಿ ವ್ಯಾಪಾರವಿಲ್ಲದ ದಿನ ಅವನು ಮಗಳ ಜೊತೆ ಹುಣಸೆಹಣ್ಣಿಗೆ ವ್ಯಾಪಾರ ನಡೆಸುತ್ತಿದ್ದ.

"ಲೆಕ್ಕ ಯಾತರಾಗ?" ಎಂದು ಏಕಾಂತಪ್ಪ ನಗುತ್ತಲೇ ಕೈ ಒಳಗಿಟ್ಟ.

"ದಿನದಾಗ. ನಾನು ಬಾಯಿ ಮುಚ್ಚಿಕೊಂಡು ಇರೋ ದಿನ."

ಕಟ್ಟೆಯ ಮೇಲೆ ನಗು ನಿಂತಿತು. ಬಸಲಿಂಗಮ್ಮನ ಬಾಯಿ ಓಣಿಗೆಲ್ಲ ಹೆಸರಾದದ್ದು. ನಿದ್ದೆಯಲ್ಲೂ ಯಾರಿಗೋ ಉತ್ತರ ಕೊಡುತ್ತಿದ್ದಳು. ಒಳಗಿದ್ದ ಕೊಟ್ರಮ್ಮ ಎದ್ದು ಹತ್ತಿರ ಬಂದು ಕೂತಳು. ಇಂಥ ಸರಕು ಪೇಟೆಗೆ ಬಂದದ್ದು ಆಕೆ ಕಂಡಿರಲಿಲ್ಲ.

ಬಸಲಿಂಗಮ್ಮ ಒಂದು ಬೆರಳು ಕೊಟ್ಟಳು. ಏಕಾಂತಪ್ಪ ಇಡೀ ಕೈಯನ್ನು ಮೂರು ಸಲ ಒತ್ತಿ ಹದಿನೈದು ಕೇಳಿದ. ಆಕೆ ಚಿವುಟಿದಳು. ಅವನು ಹತ್ತಕ್ಕಿಳಿದ. ಆಕೆ ಎರಡು ಬೆರಳಾದಳು, ಮೂರಾದಳು, ಅಲ್ಲೇ ನಿಂತಳು. ವಲ್ಲಿ ಮಾತ್ರ ಒಳಗೆ ಕೋಳಿಮರಿ ಸಿಕ್ಕಿಕೊಂಡಂತೆ ಒದ್ದಾಡುತ್ತಿತ್ತು. ಕೊನೆಗೆ ಅವನು ಐದು ಬೆರಳನ್ನೂ ಗಟ್ಟಿಯಾಗಿ ಹಿಡಿದ. ಹೋಗಿ ಬರಲು ಐದು ದಿನ. ಆಕೆ ಕಣ್ಣು ಮುಚ್ಚಿ ಕೈ ಬಿಟ್ಟಳು.

"ಐದು!" ಎಂದು ಏಕಾಂತಪ್ಪ ಗೆದ್ದವನಂತೆ ಕೂಗಿದ. "ಈ ಹೊಸ್ತಿಲು ದಾಟಿದಾಗಿಂದ ತಿರುಗಿ ಹೊಸ್ತಿಲ ಒಳಗ ಬರೋತನಕ. ನಡುವ ಒಂದು ಮಾತು ಆಡಿದ್ಯೋ, ಅಲ್ಲಿಂದಲೇ ಕಾರು ಬೆಂಗಳೂರಿಗೆ. ಅವ್ವಾ, ನೀನೇ ಸಾಕ್ಷಿ."

ಹೊರಟ ದಿನ ಕಾರು ಊರ ಬಾಗಿಲು ದಾಟುವ ಮುನ್ನವೇ ಅವನು ಆಕೆಯ ಬಾಯಿ ಬಿಡಿಸಲು ಶುರು ಮಾಡಿದ. ಮಾವ ಮದುವೆಯಲ್ಲಿ ಕೊಟ್ಟ ಎತ್ತಿನ ಮಾತು ತೆಗೆದ. "ಅದಕ್ಕ ಎರಡು ಹಲ್ಲೇ ಇರಲಿಲ್ಲ ನೋಡವ್ವಾ. ಮದ್ದಿಕೇರದ ಮಂದಿ ಅಂದ್ರ ಹಂಗ, ಮುದಿ ಎತ್ತು ಕೊಟ್ಟು ಎಳೇ ಎತ್ತಿನ ಮರ್ಯಾದಿ ತಗೋತಾರ." ಬಸಲಿಂಗಮ್ಮ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಳು. ಆಲೂರಿನ ಹತ್ತಿರ ಆಕೆ ಮಾಡುವ ರೊಟ್ಟಿಯ ಮೇಲೆ ಬಂದ. ಬಳ್ಳಾರಿಯಲ್ಲಿ ಆಕೆಯ ತಮ್ಮನ ಮೂಗಿನ ಮೇಲೆ ಬಂದ. ಹೊಸಪೇಟೆಯ ಛತ್ರ ಮುಟ್ಟುವಷ್ಟರಲ್ಲಿ ಸೆರಗಿನ ತುದಿ ಎಳೆಎಳೆಯಾಗಿತ್ತು. ಅಷ್ಟೂ ಮಾತಿಗೆ ಉತ್ತರಗಳು ಆಕೆಯ ಹೊಟ್ಟೆಯೊಳಗೆ ಸಾಲಾಗಿ ಕೂತಿದ್ದವು, ಒಂದೂ ಜಾಗ ಬಿಟ್ಟು ಕದಲಲಿಲ್ಲ.

ಎರಡನೆಯ ದಿನ ಹರಿಹರದಲ್ಲಿ ದಾರಿ ಕವಲಾಯಿತು. ಒಂದು ಶಿವಮೊಗ್ಗೆಗೆ, ಇನ್ನೊಂದು ದಾವಣಗೆರೆ ದಾಟಿ ಬೆಂಗಳೂರಿಗೆ. "ದಸ್ತಗಿರಿ, ಬೆಂಗಳೂರು ದಾರಿ ಹಿಡಿ," ಎಂದ ಏಕಾಂತಪ್ಪ ಆಕಳಿಸುತ್ತ. ಕಾರು ತಿರುಗಿಯೇಬಿಟ್ಟಿತು. ಬಸಲಿಂಗಮ್ಮ ಮುಂದಿನ ಸೀಟು ಹಿಡಿದು ಬಾಗಿದಳು. ಬಾಯಿ ತೆರೆಯಿತು, ಒಳಗಿನ ಗಾಳಿಯೂ ಹೊರಟಿತು. ಕೊನೆಯ ಗಳಿಗೆಯಲ್ಲಿ ಆಕೆ ಅದನ್ನು ಕೆಮ್ಮು ಮಾಡಿದಳು.

"ಮಾತಾಡಿದಳು!" ಎಂದು ಏಕಾಂತಪ್ಪ ಕುಪ್ಪಳಿಸಿದ.

"ಕೆಮ್ಮು ಮಾತಲ್ಲಪ್ಪ," ಎಂದಳು ಕೊಟ್ರಮ್ಮ. "ಹಂಗಾದ್ರ ನಾ ವರ್ಷಪೂರ್ತಿ ಪುರಾಣ ಹೇಳೀನಿ."

ದಸ್ತಗಿರಿ ಕಾರು ನಿಲ್ಲಿಸಿ ಹಿಂದಕ್ಕೆ ತಿರುಗಿದ. "ಸಾವ್ಕಾರ್ರ, ವಲ್ಲಿ ಹಾಕಿ ಕೊಟ್ಟ ಮಾತೈತಿ, ಜುಬಾನ್ ಐತಿ. ನಾಳೆ ಪೇಟ್ಯಾಗ ಹೆಂಗ ತಲಿ ಎತ್ತಿ ನಡೀತೀರಿ?"

"ಪರೀಕ್ಷಾ ಮಾಡಿದೆ ಬಿಡಲೇ," ಎಂದು ಏಕಾಂತಪ್ಪ ಗೊಣಗಿದ. ಕಾರು ಶಿವಮೊಗ್ಗೆಯ ದಾರಿಗೆ ಹೊರಳಿತು.

ಮೂರನೆಯ ದಿನ ಬೆಳಿಗ್ಗೆ ಜೋಗ ಸೇರಿದರು. ಸೇರಿದರೆ ಏನಿದೆ ಅಲ್ಲಿ? ಮಂಜು. ಮುಂದೆ ಮಂಜು, ಕೆಳಗೆ ಮಂಜು. ಒಳಗೆಲ್ಲೋ ನೂರು ಗಿರಣಿ ಒಟ್ಟಿಗೆ ತಿರುಗುವ ಸದ್ದು. ಬಸಲಿಂಗಮ್ಮ ಕಂಬಿ ಹಿಡಿದು ನಿಂತಳು. ಏಕಾಂತಪ್ಪನ ಖುಷಿಗೆ ಪಾರವೇ ಇಲ್ಲ.

"ಹಿಂಜಿದ ಹತ್ತಿ!" ಎಂದು ಚಪ್ಪಾಳೆ ತಟ್ಟಿದ. "ನಮ್ಮ ಜಿನ್ನಿಂಗ್ ಗಿರಣ್ಯಾಗ ಇದಕ್ಕಿಂತ ಚಂದ ಹಾರ್ತೈತಿ. ಇದನ್ನ ನೋಡಾಕ ಮುನ್ನೂರು ಮೈಲಿ! ನೋಡ್ಕೋ ನಿನ್ನ ಜೋಗ, ಹೊಟ್ಟಿ ತುಂಬ ನೋಡ್ಕೋ. ಏನಾರ ಅನ್ನಬೇಕು ಅನಿಸ್ತೈತೇನು? ಅನ್ನು, ಅನ್ನು. ಬೆಂಗಳೂರು ಇನ್ನಾ ಎಲ್ಲೂ ಓಡಿಹೋಗಿಲ್ಲ."

ಆಕೆ ಅನ್ನಲಿಲ್ಲ. ಕಣ್ಣಲ್ಲಿ ನೀರು ಬಂದಿತ್ತು, ಅದೂ ಸಿಟ್ಟಿನದು. ಒಂದು ತಾಸು ಕಳೆಯಿತು. ಕೊಟ್ರಮ್ಮ ಚಳಿಗೆ ಕಾರಿನಲ್ಲಿ ಮುದುಡಿ ಮಲಗಿದಳು. ಇನ್ನೊಂದು ಎಲೆಅಡಿಕೆ ಮುಗಿಯುವತನಕ ಮಾತ್ರ, ಆಮೇಲೆ ಹೊರಡುವುದೇ ಎಂದು ಏಕಾಂತಪ್ಪ ಅಪ್ಪಣೆ ಮಾಡಿದ. ಕಣಿವೆಗೆ ಬೆನ್ನು ಹಾಕಿ, ಕಾಫಿ ಮಾರುವವನೊಬ್ಬನ ಎದುರು ನಿಂತು, ಇಲ್ಲಿ ಜೋಗ ಗೀಗ ಏನೂ ಇಲ್ಲ, ಎಲ್ಲ ಕ್ಯಾಲೆಂಡರು ಮಾರುವವರ ಕಿತಾಪತಿ ಎಂದು ವಾದಕ್ಕಿಳಿದ.

ಆಗ ಗಾಳಿ ಬೀಸಿತು. ಮಂಜು ಒಂದು ಮಗ್ಗುಲಿಗೆ ಸರಿಯಿತು.

ನಾಲ್ಕಿದ್ದವು. ಕ್ಯಾಲೆಂಡರಿನವರು ಸುಳ್ಳು ಹೇಳಿರಲಿಲ್ಲ, ಹೇಳಿದ್ದು ಕಡಿಮೆ. ನೀರು ಬರುತ್ತಿತ್ತು, ಬರುತ್ತಲೇ ಇತ್ತು. ಬಿದ್ದದ್ದು ಮುಗಿಯುವ ಮುಂಚೆ ಇನ್ನಷ್ಟು ಬೀಳುತ್ತಿತ್ತು. ಆದೋನಿಯ ಎಲ್ಲ ಕೊಡ, ಎಲ್ಲ ಹಂಡೆ, ಎಲ್ಲ ಬಾವಿ ತಂದಿಟ್ಟರೂ ಅದಕ್ಕೆ ಗೊತ್ತೂ ಆಗುವಂತಿರಲಿಲ್ಲ. ಯಾರೂ ಅದನ್ನು ಹೊತ್ತಿರಲಿಲ್ಲ. ಅಯ್ಯೋ ಚೆಲ್ಲಿತಲ್ಲ ಎಂದು ಯಾರೂ ಬೈಯಲಿಲ್ಲ. ಬಸಲಿಂಗಮ್ಮ ಅತ್ತಳು, ಅಳುತ್ತಲೇ ನಕ್ಕಳು. ಇಪ್ಪತ್ತೆರಡು ವರ್ಷದ ಹಿಂದಿನ ಆ ಒಂದು ಚೆಂಬು ನೀರಿನ ಪಾಪ ಅಂದು ಕಳೆಯಿತು ಎನಿಸಿತು ಆಕೆಗೆ.

ಗಂಡನ ಬೆನ್ನು ಹಾಗೇ ಇತ್ತು. ಇರಲಿ, ನೋಡದಿದ್ದರೆ ಅವನ ಕರ್ಮ ಎಂದುಕೊಂಡಳು. ಒಬ್ಬಳೇ ನೋಡಿದಳು. ಆದರೆ ಎಷ್ಟು ಹೊತ್ತು? ಒಂದು ಇರುವೆ ಕಂಡರೂ ಕರೆದು ತೋರಿಸಿ ರೂಢಿಯಾದವಳು. ಕೂಗಲು ಬಾಯಿ ತೆರೆದಳು, ಗಬಕ್ಕನೆ ಮುಚ್ಚಿದಳು. ಓಡಿಹೋಗಿ ಅವನ ವಲ್ಲಿಯ ತುದಿ ಹಿಡಿದು ಎತ್ತನ್ನು ತಿರುಗಿಸಿದ ಹಾಗೆ ತಿರುಗಿಸಿದಳು.

ಏಕಾಂತಪ್ಪನ ದವಡೆ ನಿಂತಿತು. ಅಗಿಯುತ್ತಿದ್ದ ಎಲೆ ಬಾಯಲ್ಲೇ ಉಳಿಯಿತು. ಬಹಳ ಹೊತ್ತು ನೋಡಿದ. ಆಮೇಲೆ ಹೆಂಡತಿಯ ಕಡೆ ತಿರುಗಿ ಕಾದ. ಯಾಕೆಂದರೆ ಇಷ್ಟು ವರ್ಷ ಅವರ ಮನೆಯಲ್ಲಿ ನಡೆದ ಕ್ರಮ ಹೀಗಿತ್ತು: ಆಕೆ ಮೊದಲು ಚಂದ ಎನ್ನಬೇಕು, ಆಮೇಲೆ ಇವನು ಅದರಲ್ಲಿ ಹುಳುಕು ತೆಗೆಯಬೇಕು. ತಾನೇ ಮೊದಲು ಏನು ಹೇಳಬೇಕು ಎಂಬುದು ಅವನಿಗೆ ತಿಳಿದೇ ಇರಲಿಲ್ಲ.

"ನೋಡಿದೇನ?" ಎಂದ. ಸ್ವರ ಸಣ್ಣಗಾಗಿತ್ತು. "ಹೆಂಗೈತಿ? ಹೇಳು ಮತ್ತ."

ಆಕೆ ತುಟಿ ಬಿಗಿದಳು.

"ಏ, ಕರಾರು ನಾನೇ ಬಿಟ್ಟೀನಿ. ಮಾತಾಡು. ಬೆಂಗಳೂರು ಬ್ಯಾಡ, ಏನೂ ಬ್ಯಾಡ. ಒಂದು ಮಾತು. ಹೆಂಗೈತಿ?"

ಬಸಲಿಂಗಮ್ಮ ವಲ್ಲಿಯನ್ನು ಇಬ್ಬರ ಕೈಯ ಮೇಲೂ ಹೊದಿಸಿದಳು. ಒಳಗೆ ಅವನ ಅಂಗೈಗೆ ತನ್ನ ಐದು ಬೆರಳನ್ನೂ ಒಂದೊಂದಾಗಿ ಒತ್ತಿ, ಕೈ ಬಿಟ್ಟಳು. ಅಷ್ಟರಲ್ಲಿ ಮಂಜು ಮತ್ತೆ ಮುಚ್ಚಿತು.

ತಿರುಗಿ ಬರುವ ಎರಡು ದಿನ ಏಕಾಂತಪ್ಪ ಬೈಯಲಿಲ್ಲ, ಬೇಡಿದ. ಶಿವಮೊಗ್ಗೆಯಲ್ಲಿ ಬೇಡಿದ, ಹರಿಹರದಲ್ಲಿ ಬೇಡಿದ. ಹೊಸಪೇಟೆಯಲ್ಲಿ ರೇಷ್ಮೆ ಸೀರೆ ಕೊಡಿಸುತ್ತೇನೆಂದ. "ಅವ್ವಾ, ನೀನಾರ ಹೇಳು ಇಕಿಗೆ" ಎಂದು ತಾಯಿಯ ಕಾಲು ಹಿಡಿದ. "ಐದು ಅಂದ್ರ ಐದು," ಎಂದಳು ಕೊಟ್ರಮ್ಮ. ಆಕೆಗಂತೂ ಕಾರಿನಲ್ಲಿ ಇಷ್ಟು ಸುಖವಾದ ನಿದ್ದೆ ಎಂದೂ ಬಂದಿರಲಿಲ್ಲ. ಬಸಲಿಂಗಮ್ಮನಿಗೆ ಕನಿಕರ ಬರದೆ ಇರಲಿಲ್ಲ, ಬಂತು. ಆದರೆ ಹೇಳಿದರೆ ಹುಳುಕು ತೆಗೆಯುತ್ತಾನೆ. ಹೇಳದಿದ್ದರೆ ಬಾಯಿ ಬಿಟ್ಟುಕೊಂಡು ಕಾಯುತ್ತಾನೆ. ಅವನು ಹೀಗೆ ಕಾಯುವುದು ಆಕೆಗೆ ಬಲು ಹಿಡಿಸಿತು.

ಐದನೆಯ ದಿನ ಹೊತ್ತು ಇಳಿಯುವಾಗ ಕಾರು ಆದೋನಿ ಮುಟ್ಟಿತು. ಉಚ್ಚೀರಪ್ಪ ಕಟ್ಟೆಯ ಮೇಲೆ ಕಾಯುತ್ತ ಕೂತಿದ್ದ, ಅಂಗಡಿಯ ನೂರು ಸುದ್ದಿ ತಂದಿದ್ದ. ಏಕಾಂತಪ್ಪ ಅವನ ಕಡೆ ನೋಡಲೂ ಇಲ್ಲ. ಹೆಂಡತಿಯ ಹಿಂದೆ ಹಿಂದೆಯೇ ಹೊಸ್ತಿಲು ದಾಟಿ, ಅಡುಗೆಮನೆಯ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತ.

ಬಸಲಿಂಗಮ್ಮ ಕಾಲು ತೊಳೆದಳು. ಒಂದು ಚೆಂಬು ನೀರು ತುಂಬಿಸಿ ಅರ್ಧ ಕುಡಿದಳು. ಉಳಿದರ್ಧವನ್ನು ಎಲ್ಲರ ಕಣ್ಣೆದುರಿಗೇ, ಬೇಕೆಂದೇ, ಹಿತ್ತಲಿಗೆ ಚೆಲ್ಲಿದಳು. ಕೊಟ್ರಮ್ಮ ಬೈಯಲು ತೆರೆದ ಬಾಯಿಗೆ ಒಂದು ಅಡಿಕೆ ಹಾಕಿಕೊಂಡಳು. ಬಸಲಿಂಗಮ್ಮ ಕ್ಯಾಲೆಂಡರಿನ ಕೆಳಗೆ ಗೋಡೆಗೆ ಒರಗಿ, ಕಾಲು ಚಾಚಿ, ಗಂಟಲು ಸರಿಮಾಡಿಕೊಂಡಳು.

"ನಮ್ಮಪ್ಪನ ಎತ್ತಿಗೆ ಎರಡು ಹಲ್ಲಿರಲಿಲ್ಲ ಅಂದ್ರಿ ಅಲ್ಲೇನ್ರಿ?" ಎಂದು ಶುರು ಮಾಡಿದಳು. "ಅವೆರಡು ಹಲ್ಲು ಹೆಂಗ ಹೋದವು ಅಂತ ನಿಮಗ ಗೊತ್ತೈತೇನು? ನಿಮ್ಮ ಮದುವಿ ದಿಬ್ಬಣದ ದಿನ…"

"ಅದಿರಲಿ," ಎಂದು ಏಕಾಂತಪ್ಪ ಕೈ ಮುಗಿದ. "ಜೋಗದ್ದು ಹೇಳು."

"ಜೋಗ ಇನ್ನಾ ದೂರ ಐತಿ," ಎಂದಳು ಬಸಲಿಂಗಮ್ಮ. "ಈಗಿನ್ನಾ ನಾವು ಊರ ಬಾಗಿಲೇ ದಾಟಿಲ್ಲ. ಸುಮ್ಮನ ಕುಂದ್ರಿ."