ಇನ್ನೂರ ಅರವತ್ತನೆಯ ಪಂದ್ಯ

ಭಾನುವಾರ ಮಧ್ಯಾಹ್ನ ಮೂರಕ್ಕೆ ಆಟ, ಆ ಋತುವಿನ ಕೊನೆಯದು. ಗೆದ್ದರೆ ಮಿಲ್‌ಹೆಡ್ ಓಟರ್ಸ್ ಐಸ್ ಹಾಕಿ ತಂಡ ಪ್ಲೇಆಫ್‌ಗೆ, ಸೋತರೆ ಮನೆಗೆ. ಲೈಲ್ ಪೆಲ್ಕಿ ಹನ್ನೊಂದೂವರೆಗೇ ಬಂದು ತನ್ನ ಕೋಲುಗಳಿಗೆ ಟೇಪ್ ಸುತ್ತುತ್ತ ಕೂತಿದ್ದ. ಬಲ ಅಂಚಿನಲ್ಲಿ ಆಡುವ ಈ ಮೂವತ್ತೊಂದು ವರ್ಷದ ಫಾರ್ವರ್ಡ್‌ನನ್ನು ಟೇಪ್ ಸುತ್ತುವಾಗ ಯಾರೂ ಮಾತಾಡಿಸಬಾರದು. ಕೋಚ್ ನಾರ್ಮ್ ಟೆಸಿಯೆಗೂ ಅದು ಗೊತ್ತು. ಆದರೂ ಅವನು ಬಾಗಿಲಲ್ಲಿ ತಲೆ ಹಾಕಿ, "ಪೆಲ್ಲಿ, ಒಂದ್ನಿಮಿಷ ಬಾರಯ್ಯ ಒಳಗೆ" ಅಂದ.

ಕೋಚ್‌ನ ಕೋಣೆಯೆಂದರೆ ಹಿಂದೆ ಸ್ಕೇಟುಗಳಿಗೆ ಸಾಣೆ ಹಿಡಿಯುತ್ತಿದ್ದ ಗೂಡು. ಇಬ್ಬರು ಕೂತರೆ ಮೊಣಕಾಲಿಗೆ ಮೊಣಕಾಲು ತಾಗುತ್ತದೆ.

"ನಿನ್ನ ಲೆಕ್ಕದಲ್ಲಿ ಇವತ್ತಿಂದು ಎಷ್ಟನೇದು?"

"ಇನ್ನೂರೈವತ್ತೊಂಬತ್ತು." ಲೈಲ್ ಯೋಚಿಸಬೇಕಾಗಿಯೇ ಇರಲಿಲ್ಲ. ಹೆಂಡತಿಯ ಹುಟ್ಟಿದ ದಿನ ಮರೆತರೂ ಆ ಸಂಖ್ಯೆ ಮರೆಯುತ್ತಿರಲಿಲ್ಲ.

"ಲೀಗ್ ಆಫೀಸಿಂದ ಪಟ್ಟಿ ಬಂದಿದೆ. ಇವತ್ತು ಆಡಿದ್ರೆ ಇನ್ನೂರ ಅರವತ್ತು ಅಂತಿದೆ."

ಈ ಲೀಗಿನಲ್ಲಿ ಒಂದು ನಿಯಮವಿದೆ. ಇಲ್ಲಿಯದೋ ಮೇಲಿನ ಲೀಗಿನದೋ, ಒಟ್ಟು ಇನ್ನೂರ ಅರವತ್ತು ಪಂದ್ಯ ಮುಗಿಸಿದವನು ಮುಂದಿನ ಋತುವಿನಿಂದ 'ಹಿರಿಯ' ಆಗುತ್ತಾನೆ, ಒಂದು ತಂಡ ನಾಲ್ಕಕ್ಕಿಂತ ಹೆಚ್ಚು ಹಿರಿಯರನ್ನು ಇಟ್ಟುಕೊಳ್ಳುವಂತಿಲ್ಲ. ಹೊಸಬರಿಗೆ ಜಾಗವಾಗಲಿ ಅಂತ ಮಾಡಿದ್ದಂತೆ. ಮಾಡಿದ ಪುಣ್ಯಾತ್ಮ ಜನ್ಮದಲ್ಲಿ ಸ್ಕೇಟ್ ಕಟ್ಟಿದವನಲ್ಲ, ಅದಂತೂ ಖಂಡಿತ. ಎಲ್ಲ ತಂಡಗಳೂ ಆ ನಾಲ್ಕು ಜಾಗವನ್ನು ಗೋಲು ಹೊಡೆಯುವವರಿಗೇ ಕೊಡುತ್ತವೆ. ಲೈಲ್‌ನಂತೆ ಮೂಲೆಗೆ ನುಗ್ಗಿ, ಹೊಡೆತ ತಿಂದು, ರಬ್ಬರ್ ಬಿಲ್ಲೆ ಕಿತ್ತು ಇನ್ನೊಬ್ಬನ ಕೋಲಿಗೆ ದಾಟಿಸುವವನಿಗೆ ಹಿರಿಯನಾದ ದಿನವೇ ಆಟ ಮುಗಿಯಿತು.

ಹಾಗಾಗಿ ಇವರೆಲ್ಲ ಪಂದ್ಯಗಳನ್ನು ಬಚ್ಚಿಡುತ್ತಾರೆ. ನವೆಂಬರಿನ ಯಾವುದೋ ಮಂಗಳವಾರ, ಇನ್ನೂರು ಜನರೂ ಇಲ್ಲದ ಅಂಕಣ. ಆವತ್ತು ಒಬ್ಬನಿಗೆ ಬೆನ್ನು ಹಿಡಿಯುತ್ತದೆ, ಒಬ್ಬನಿಗೆ ಹೊಟ್ಟೆ ಕೆಡುತ್ತದೆ. ಕೋಚ್‌ಗೂ ಗೊತ್ತು, ಇಡೀ ತಂಡಕ್ಕೂ ಗೊತ್ತು, ಯಾರೂ ಕೆದಕುವುದಿಲ್ಲ. ಹಿಂದಿನ ಎರಡು ವರ್ಷದಲ್ಲಿ ಲೈಲ್ ಹೀಗೆ ಇಪ್ಪತ್ತಮೂರು ಪಂದ್ಯ ಬಚ್ಚಿಟ್ಟಿದ್ದ. ಆಟವೇ ಉಸಿರು ಅಂದುಕೊಂಡವನು ಆಟದಿಂದ ತಪ್ಪಿಸಿಕೊಂಡು ತಿರುಗುವುದೆಂದರೆ ಎಂಥ ಕರ್ಮ! ಇನ್ನೂರೈವತ್ತೊಂಬತ್ತಕ್ಕೆ ಋತು ಮುಗಿದರೆ ಮುಂದಿನ ವರ್ಷ ಪೂರ್ತಿ ಆಡಬಹುದು ಅನ್ನುವುದೊಂದೇ ಅವನಿಗಿದ್ದ ಆಸೆ.

"ಯಾವ ಪಂದ್ಯ ಸೇರಿಸಿದಾರೆ?"

"ಒಂಬತ್ತು ವರ್ಷದ ಹಿಂದಿಂದು. ಮೇಲಿನ ಲೀಗಲ್ಲಿ ಒಂದು."

ಲೈಲ್ ನಕ್ಕುಬಿಟ್ಟ. "ಅದರಲ್ಲಿ ನಾನು ಆಡೇ ಇಲ್ಲ, ನಾರ್ಮ್!"

"ಆವತ್ತು ಆಡೋರ ಹೆಸರಿನ ಹಾಳೇಲಿ ನಿನ್ನ ಹೆಸರಿತ್ತು. ಹೆಸರಿದ್ರೆ ಆಡಿದ ಹಾಗೇ."

ಅದು ಅವನಿಗೆ ಇಪ್ಪತ್ತೆರಡಾಗಿದ್ದಾಗಿನ ಮಾತು. ಮೇಲಿನ ತಂಡದಲ್ಲಿ ಇಬ್ಬರಿಗೆ ಜ್ವರ ಬಂದು ಇವನಿಗೆ ಕರೆ ಬಂದಿತ್ತು. ಏಳು ಗಂಟೆ ಹಿಮದಲ್ಲಿ ಕಾರು ಓಡಿಸಿಕೊಂಡು ಹೋದ. ನಿಕ್ಕಲ್ ಗಣಿಯಲ್ಲಿ ದುಡಿಯುತ್ತಿದ್ದ ಅಪ್ಪ ಪಾಳಿ ಬಿಟ್ಟು ನೋಡಲು ಬಂದ. ಲೈಲ್ ಮೂರೂ ಅವಧಿ ಬೆಂಚಿನ ತುದಿಯಲ್ಲಿ ಕೂತ, ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡೇ. ಹೊಸಬನನ್ನು ಇಳಿಸಬೇಕಾದರೆ ಕೋಚ್ ಭುಜ ತಟ್ಟುತ್ತಾನೆ. ಅವನ ಭುಜ ಯಾರೂ ತಟ್ಟಲಿಲ್ಲ. ಆಟ ಮುಗಿದ ಮೇಲೆ ಅಪ್ಪ, "ನೀನೇನಾದ್ರೂ ಎದುರು ಮಾತಾಡಿದ್ಯೇನೋ?" ಅಂತ ಕೇಳಿದ್ದ. ಮರುದಿನ ಜ್ವರದವರು ಎದ್ದರು, ಲೈಲ್ ವಾಪಸ್ ಬಂದ, ಮತ್ತೆಂದೂ ಕರೆ ಬರಲಿಲ್ಲ. ಆ ದಿನವನ್ನು ಅವನು ಪಂದ್ಯವೆಂದು ಎಣಿಸಿರಲೇ ಇಲ್ಲ. ಅವಮಾನವನ್ನು ಯಾರು ತಾನೇ ಪಂದ್ಯವೆಂದು ಎಣಿಸುತ್ತಾರೆ?

"ಮುಂದಿನ ವರ್ಷಕ್ಕೆ ನನ್ನ ನಾಲ್ಕೂ ಜಾಗ ತುಂಬಿದೆ ಕಣಯ್ಯ. ಬೋಡ್ರಿ ಒಬ್ಬ, ಮಿಕ್ಕ ಮೂವರು ನಿಂಗೇ ಗೊತ್ತು. ನೀನು ಹಿರಿಯ ಆದ್ರೆ ನನ್ನ ಕೈಲಿ ಏನೂ ಆಗಲ್ಲ. ಹಾಳೆ ಕೊಡೋದು ಎರಡೂಮುಕ್ಕಾಲಿಗೆ. ಆಡು ಅಂತ್ಲೂ ಹೇಳಲ್ಲ, ಬಿಡು ಅಂತ್ಲೂ ಹೇಳಲ್ಲ."

ಲೈಲ್‌ಗೆ ಭಯವಾಯಿತು. ಅದಕ್ಕೆ ಬೇರೆ ಹೆಸರಿಲ್ಲ. ಹದಿನಾರನೇ ವಯಸ್ಸಿಗೆ ಮನೆ ಬಿಟ್ಟು, ಕಂಡವರ ಮನೆಯ ನೆಲಮಾಳಿಗೆಗಳಲ್ಲಿ ಮಲಗಿ, ಓದಿಗೆ ಎಳ್ಳುನೀರು ಬಿಟ್ಟು ಕಲಿತದ್ದು ಇದೊಂದೇ. ಬೇಸಿಗೆಯಲ್ಲಿ ಭಾವಮೈದುನನ ಜೊತೆ ಮನೆಗಳಿಗೆ ಚಾವಣಿ ಹಾಕಲು ಹೋಗುತ್ತಿದ್ದ. ಏಣಿಯ ಮೇಲೆ ನಿಂತು ಡಾಂಬರು ಬಳಿಯುವಾಗೆಲ್ಲ, ಸೆಪ್ಟೆಂಬರಿಗೆ ನಾನು ಇಲ್ಲಿರುವುದಿಲ್ಲ ಅಂದುಕೊಳ್ಳುತ್ತಿದ್ದ. ಆ ಒಂದು ಯೋಚನೆಯಿಂದಲೇ ಏಣಿ ಹತ್ತುವ ಧೈರ್ಯ ಬರುತ್ತಿತ್ತು. ಸೆಪ್ಟೆಂಬರಿನಲ್ಲೂ ಏಣಿಯ ಮೇಲೇ ಇದ್ದರೆ?

ಪ್ಲೇಆಫ್ ಪಂದ್ಯಗಳು ಈ ಎಣಿಕೆಗೆ ಬರುವುದಿಲ್ಲ. ಇವತ್ತು ತಾನಿಲ್ಲದೆ ತಂಡ ಗೆದ್ದರೆ ಪ್ಲೇಆಫ್‌ನಲ್ಲೂ ಆಡಬಹುದು, ಮುಂದಿನ ವರ್ಷವೂ ಆಡಬಹುದು. ಒಂದೇ ಒಂದು ಮಧ್ಯಾಹ್ನ ಹೇಗೋ ಕಳೆದರಾಯಿತು.

"ಬೆನ್ನು ಹಿಡ್ಕೊಂಡಿದೆ ನಾರ್ಮ್" ಅಂದ ಲೈಲ್.

ಕೋಚ್ ಪೆನ್ನಿನ ಮುಚ್ಚಳ ತೆಗೆದ, ಮತ್ತೆ ಹಾಕಿದ. "ಸರಿ. ಹುಡುಗರಿಗೆ ನೀನೇ ಹೇಳು."

ತಂಡದವರು ಒಬ್ಬೊಬ್ಬರಾಗಿ ಬಂದು ಬಟ್ಟೆ ಬದಲಿಸುತ್ತಿದ್ದರು. ಲೈಲ್ ನಡುವೆ ನಿಂತು ಹೇಳಿದ. ಅವನು ಏನೋ ಒಂದು ತಮಾಷೆ ನಿರೀಕ್ಷಿಸಿದ್ದ. ನವೆಂಬರಿನಲ್ಲಾಗಿದ್ದರೆ, "ಅಜ್ಜಂಗೆ ಬಿಸಿನೀರಿನ ಚೀಲ ತನ್ರೋ" ಅಂತ ಯಾರಾದರೂ ಟವೆಲ್ ಎಸೆಯುತ್ತಿದ್ದರು. ಇವತ್ತು ಯಾರೂ ಎಸೆಯಲಿಲ್ಲ. ಕ್ಯಾಪ್ಟನ್ ಬೋಡ್ರಿ ಮಾತ್ರ ಸ್ಕೇಟಿನ ಲೇಸು ಎಳೆಯುತ್ತ ತಲೆ ಎತ್ತಿದ. ಮೂವತ್ತನಾಲ್ಕರ ಬೋಡ್ರಿಗೆ ಮುಂದಿನ ಹಲ್ಲು ಮೂರಿಲ್ಲ, ಒಂದು ಕಾಲದಲ್ಲಿ ಅವನೂ ಪಂದ್ಯ ಬಚ್ಚಿಟ್ಟವನೇ.

"ಇವತ್ತಾ ಪೆಲ್ಲಿ?" ಅಂದ.

"ಏನ್ಮಾಡ್ಲಿ, ಬಗ್ಗಕ್ಕೇ ಆಗ್ತಿಲ್ಲ."

"ಇವತ್ತಾ?" ಬೋಡ್ರಿ ಇನ್ನೊಂದು ಸಲ ಕೇಳಿ, ಉತ್ತರಕ್ಕೆ ಕಾಯದೆ ಬಗ್ಗಿ ಇನ್ನೊಂದು ಲೇಸು ಹಿಡಿದ.

ಆಡದವರು ಸೂಟು ಹಾಕಬೇಕು. ಲೈಲ್ ಸೂಟು ಹಾಕಿ, ಮೇಲಿನ ಸಾಲಿನಲ್ಲಿ ಹೆಂಡತಿ ಮಾರ್ನಿಯ ಪಕ್ಕ ಹೋಗಿ ಕೂತು, ಬೆನ್ನು ಹಿಡಿದಿದೆ ಅಂದ. ಅವಳು ದಂತವೈದ್ಯರೊಬ್ಬರ ಬಳಿ ಕೆಲಸ ಮಾಡುತ್ತಾಳೆ. ಯಾರ ಬಾಯಿ ನೋಡಿದರೂ ಸುಳ್ಳು ಹಿಡಿಯುತ್ತಾಳೆ.

"ಬೆಳಿಗ್ಗೆ ವಾಷಿಂಗ್ ಮೆಷಿನ್ ಎತ್ತಿಟ್ಟೆ ನೀನು" ಅಂದಳು.

ಲೈಲ್ ಎಲ್ಲ ಹೇಳಿದ. ಮಾರ್ನಿ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೇಳಿಸಿಕೊಂಡಳು. "ಇನ್ನೊಂದು ವರ್ಷ ಆದ್ಮೇಲೆ?"

"ಆಮೇಲಿಂದು ಆಮೇಲೆ."

"ಸರಿ. ಕೆಳಗೆ ನೋಡು."

ಕೆಳಗೆ ಅಭ್ಯಾಸದ ಓಟ ನಡೆಯುತ್ತಿತ್ತು. ಸೋರ್ಲಿ ಅನ್ನುವ ಫಾರ್ವರ್ಡ್ ಮಂಜುಗಡ್ಡೆಯ ಮೇಲೆ ಕೂತುಬಿಟ್ಟಿದ್ದ. ತಮ್ಮವನೇ ಹೊಡೆದ ಬಿಲ್ಲೆ ಅವನ ಪಾದದ ಗಂಟಿಗೆ ಬಿದ್ದಿತ್ತು. ಇಬ್ಬರು ಅವನನ್ನು ಎತ್ತಿ ಕರೆದೊಯ್ದರು. ಆ ಕಾಲು ನೆಲಕ್ಕೆ ತಾಗಲೇ ಇಲ್ಲ.

ಐದು ನಿಮಿಷಕ್ಕೆ ಕೋಚ್ ಮೆಟ್ಟಿಲು ಹತ್ತಿ ಮೇಲೆ ಬಂದ. ಅರವತ್ತು ದಾಟಿದ ಮನುಷ್ಯ, ಏದುಸಿರು ಬಿಡುತ್ತಿದ್ದ. ಸುತ್ತ ಕೂತವರು ತಿರುಗಿ ನೋಡಿದರು.

"ಸೋರ್ಲಿ ಹೋದ. ಫಾರ್ವರ್ಡ್‌ಗಳು ಒಂಬತ್ತೇ ಜನ ಉಳಿದ್ರು. ಹಾಳೆಗೆ ಇನ್ನೂ ಹತ್ತು ನಿಮಿಷ ಇದೆ, ಪೆಲ್ಲಿ."

ಲೈಲ್‌ನ ಕಾಲುಗಳು ತಾವಾಗಿಯೇ ಏಳಲು ಹೋದವು. ನಿಜವಾಗಿ ಹೋದವು, ಪ್ಯಾಂಟಿನೊಳಗೆ ತೊಡೆ ಬಿಗಿದದ್ದು ಅವನಿಗೇ ಗೊತ್ತಾಯಿತು. ಒಂಬತ್ತು ವರ್ಷ ಇಂಥ ಕರೆಗೇ ಅಲ್ಲವೇ ಅವನು ಕಾದಿದ್ದು? ಯಾರೋ ಬಂದು, ನೀನು ಬೇಕು ಅನ್ನಲಿ ಅಂತ. ಆದರೆ ಅದೇ ಹೊತ್ತಿಗೆ ಏಣಿ ಕಣ್ಣಿಗೆ ಕಟ್ಟಿತು, ಡಾಂಬರಿನ ವಾಸನೆ ಮೂಗಿಗೆ ಬಂತು. ಅವನು ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದ.

"ಬೆನ್ನು" ಅಂದ.

ಬೆನ್ನಿಗೆ ಏನೂ ಆಗಿಲ್ಲವೆಂದು ಗೊತ್ತಿದ್ದವನ ಮುಖ ನೋಡಿಯೇ ಅಂದ. ಟೆಸಿಯೆ ತಲೆಯಾಡಿಸಿ ಮೆಟ್ಟಿಲಿಳಿದ.

ಮೊದಲ ಎರಡು ಅವಧಿ ತಂಡ ಚೆನ್ನಾಗಿಯೇ ಆಡಿತು, ಎರಡು ಗೋಲು ಹೊಡೆದು ಒಂದು ಬಿಟ್ಟುಕೊಟ್ಟಿತು. ಲೈಲ್ ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದ, ಎಂದೂ ಚರ್ಚಿಗೆ ಹೋಗದವನು. ಮೂರನೆಯ ಅವಧಿಗೆ ಕಾಲುಗಳು ಕೈಕೊಟ್ಟವು. ಹನ್ನೊಂದು ಜನ ಹಂಚಿಕೊಳ್ಳಬೇಕಾದ ಓಟವನ್ನು ಒಂಬತ್ತು ಜನ ಓಡಿದರೆ ಇನ್ನೇನಾಗುತ್ತದೆ? ಬೋಡ್ರಿ ಬೆಂಚಿಗೆ ಬಂದವನು ಕೂರುವ ಮೊದಲೇ ಮತ್ತೆ ಇಳಿಯುತ್ತಿದ್ದ. ಬಲ ಮೂಲೆಯಲ್ಲಿ ಬಿಲ್ಲೆ ಬಿದ್ದಿತ್ತು, ಅದರ ಹಿಂದೆ ಹೋಗಲು ಯಾರಿಗೂ ಉಸಿರಿರಲಿಲ್ಲ. ಅದು ಲೈಲ್‌ನ ಮೂಲೆ. ಎದುರಾಳಿ ನಿಧಾನವಾಗಿ ಬಂದು ತೆಗೆದುಕೊಂಡ, ಆರಾಮಾಗಿ ನಡುವಿಗೆ ದಾಟಿಸಿದ, ಎರಡು ಎರಡಾಯಿತು. ಕೊನೆಗೆ ನಾಲ್ಕು ನಿಮಿಷವಿದ್ದಾಗ ಮೂರನೆಯದನ್ನೂ ಬಿಟ್ಟುಕೊಟ್ಟರು. ಗಂಟೆ ಹೊಡೆದಾಗ ಬೋಡ್ರಿ ಅಂಕಣದ ನಡುವೆ ಕೋಲಿಗೆ ಒರಗಿ, ತಲೆ ಬಗ್ಗಿಸಿ ನಿಂತಿದ್ದ.

"ಮೇಲೆ ನೋಡ್ತಿದಾನಾ?" ಲೈಲ್ ಕೇಳಿದ.

"ಇಲ್ಲ" ಅಂದಳು ಮಾರ್ನಿ. "ಯಾರೂ ನೋಡ್ತಿಲ್ಲ."

ಸೋಮವಾರ ಬೆಳಿಗ್ಗೆ ಎಲ್ಲರೂ ಬಂದು ಸಾಮಾನು ಕಟ್ಟುತ್ತಾರೆ, ಒಬ್ಬೊಬ್ಬರೇ ಐದು ನಿಮಿಷ ಕೋಚ್‌ನ ಬಳಿ ಹೋಗಿ ಬರುತ್ತಾರೆ. ಪ್ರತಿಯೊಬ್ಬನೂ ಒಂದು ಕೋಲನ್ನು ಗೋಡೆಗೆ ಒರಗಿಸಿಡುವುದು, ಉಳಿದವರು ಅದಕ್ಕೆ ಸಹಿ ಹಾಕುವುದು ಅಲ್ಲಿಯ ಪದ್ಧತಿ. ಲೈಲ್ ತನ್ನದನ್ನು ಎಂಟಕ್ಕೇ ಇಟ್ಟಿದ್ದ. ಹತ್ತಕ್ಕೆ ನೋಡಿದರೆ ಅದರ ಮೇಲೆ ಒಂದೇ ಸಹಿ ಇತ್ತು, ಗೋಲ್‌ಕೀಪರನದು. ಅವನು ಕೋಲು ಯಾರದ್ದೆಂದು ನೋಡದೆ ಸಾಲಾಗಿ ಗೀಚಿಕೊಂಡು ಹೋಗುವ ಆಸಾಮಿ. ಸೋರ್ಲಿ ಊರುಗೋಲು ಹಿಡಿದು ಬಂದು, ಲೈಲ್‌ನ ಕೋಲು ದಾಟಿ, ಪಕ್ಕದ್ದಕ್ಕೆ ಸಹಿ ಹಾಕಲು ಕಷ್ಟಪಟ್ಟು ಬಗ್ಗಿದ.

ಟೆಸಿಯೆ ಕೊನೆಗೆ ಕರೆದ.

"ಲೀಗ್ ಪಟ್ಟಿಯಲ್ಲಿ ನಿಂದು ಇನ್ನೂರೈವತ್ತೊಂಬತ್ತಕ್ಕೇ ನಿಂತಿದೆ. ಹಿರಿಯ ಅಲ್ಲ ನೀನು."

"ಹಾಗಾದ್ರೆ ಸೆಪ್ಟೆಂಬರ್‌ಗೆ..."

"ಇಲ್ಲ ಪೆಲ್ಲಿ."

"ಬೋಡ್ರಿ ಏನಾದ್ರೂ ಅಂದ್ನಾ?"

"ಬೋಡ್ರಿ ತುಟಿ ಬಿಚ್ಚಿಲ್ಲ. ನಾನೇ ಹೇಳ್ತಿರೋದು. ನಿನ್ನನ್ನ ಇಷ್ಟು ವರ್ಷ ಯಾಕೆ ಇಟ್ಕೊಂಡಿದ್ದೆ ಅನ್ಕೊಂಡೆ? ಗೋಲು ಹೊಡೀತೀಯ ಅಂತಲಾ? ಈ ವರ್ಷ ಎಷ್ಟು ಹೊಡ್ದೆ, ಆರಾ?"

"ಏಳು."

"ಏಳು. ಕರೆದ್ರೆ ಬರ್ತಾನೆ ಅಂತ ಇಟ್ಕೊಂಡಿದ್ದೆ ಕಣಯ್ಯ. ಅಷ್ಟೇ. ನಿನ್ನೆ ಮೆಟ್ಟಿಲು ಹತ್ತಿ ಬಂದು ಕರೆದೆ."

"ನೀವೇ ಅಂದ್ರಲ್ಲ, ಆಡು ಅಂತ್ಲೂ ಹೇಳಲ್ಲ, ಬಿಡು ಅಂತ್ಲೂ..."

"ಹೌದು, ಅಂದೆ. ಮಧ್ಯಾಹ್ನ ಹಾಗೆ ಅಂದೆ. ಆಮೇಲೆ ಬಂದು ಕರೆದೆ."

ಲೈಲ್ ಬೇಡಿಕೊಂಡ. ಮಾನ ಮರ್ಯಾದೆ ಬದಿಗಿಟ್ಟು ಬೇಡಿಕೊಂಡ. ತನ್ನ ತಪ್ಪೆಂದ, ಎಲ್ಲರ ಕ್ಷಮೆ ಕೇಳುತ್ತೇನೆಂದ, ಆಡಿಸದಿದ್ದರೂ ಪರವಾಗಿಲ್ಲ ಅಭ್ಯಾಸಕ್ಕಾದರೂ ಬರುತ್ತೇನೆಂದ. ಟೆಸಿಯೆಗೂ ಕಷ್ಟವಾಗುತ್ತಿತ್ತು, ಆ ಗೂಡಿನಲ್ಲಿ ಮೊಣಕಾಲು ಹಿಂದೆಗೆಯಲೂ ಜಾಗವಿರಲಿಲ್ಲ.

"ಬೇರೆ ತಂಡದಲ್ಲಾದ್ರೂ ಹೇಳಿ ನಾರ್ಮ್. ನೀವೊಂದು ಮಾತು ಹೇಳಿದ್ರೆ ಸಾಕು."

"ಹೇಳ್ತೀನಿ. ಫೋನ್ ಮಾಡ್ತಾರೆ, ಕೇಳ್ತಾರೆ. ಮೊದಲನೇ ಪ್ರಶ್ನೆ ಏನಿರತ್ತೆ ಗೊತ್ತಾ? ಕೊನೇ ದಿನ ಅವ್ನು ಯಾಕೆ ಆಡಿಲ್ಲ ಅಂತ. ಬೆನ್ನು ಅಂದ್ರೆ, ಮೂವತ್ತೊಂದರ ಕೆಟ್ಟ ಬೆನ್ನು ಯಾವನಿಗೆ ಬೇಕು? ನಿಜ ಹೇಳಿದ್ರೆ ಇನ್ನೂ ಕಷ್ಟ." ಟೆಸಿಯೆ ಮುಂದೆ ಬಾಗಿ, ಮೆತ್ತಗಿನ ದನಿಯಲ್ಲಿ ಕೇಳಿದ. "ನೀನೇ ಹೇಳಿಬಿಡು. ಏನಂತ ಹೇಳ್ಲಿ ನಾನು?"

ಹೊರಗೆ ಯಾರೋ ನಗುತ್ತ ಚೀಲದ ಜಿಪ್ ಎಳೆದರು. ಲೈಲ್ ಆ ಕೋಣೆಯ ನೆಲ ನೋಡಿದ, ತನ್ನ ಕೈ ನೋಡಿಕೊಂಡ.

"ಆಡಿದ ಅಂತ ಹೇಳಿ" ಅಂದ. "ಇನ್ನೂರ ಅರವತ್ತೂ ಆಡಿ ಮುಗಿಸಿದ ಅಂತ."